ಕೆನಡಾದಿಂದ ಬಂದ ನಿರಾಶ್ರಿತರು

ನಮ್ಮ ಮನೆಯಲ್ಲಿ ಒಬ್ಬರು ನಿರಾಶ್ರಿತರಿದ್ದರು ಎಂದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ. ಅವರು ಕೆನಡಾದ ಪ್ರಜೆ, ಹಿತ್ತಿಲಲ್ಲಿ ಸೇಬಿನ ಮರವಿರುವ ಸ್ವಂತ ಮನೆಯುಳ್ಳವರು, ಇಸ್ತ್ರಿ ಮಾಡಿದ ಅಂಗಿಗಳನ್ನು ಹೊತ್ತು ವಿಮಾನದಲ್ಲಿ ಬಂದವರು ಎಂದರೆ? ನಗುತ್ತೀರಿ. ನಾವೂ ನಕ್ಕೆವು!

ಅವರು ನನ್ನ ಗಂಡನ ಸೋದರಮಾವ, ಎಂಬತ್ತು ದಾಟಿದವರು. ಮೈಸೂರು ಬಿಟ್ಟು ಅರ್ಧ ಆಯಸ್ಸು ಕೆನಡಾದಲ್ಲೇ ಕಳೆದಿದ್ದಾರೆ. ಟೋಕಿಯೋದ ಕೋಟೋದಲ್ಲಿರುವ ನಮ್ಮ ಫ್ಲ್ಯಾಟಿಗೆ ಮೂರು ತಿಂಗಳ ಮಟ್ಟಿಗೆಂದು ಬಂದವರು, ಒಂದು ಬೆಳಿಗ್ಗೆ ಉಪ್ಪಿಟ್ಟಿನಲ್ಲಿ ಕರಿಬೇವು ಆರಿಸುತ್ತಾ, ಜಪಾನ್ ಸರ್ಕಾರದ ಆಶ್ರಯ ಕೇಳುವುದಾಗಿ ಘೋಷಿಸಿದರು.

"ಕೆನಡಾದೋರು ನಿಮಗೇನು ಮಾಡಿದ್ರು ಮಾವ?" ಎಂದರು ನನ್ನವರು.

"ದೌರ್ಜನ್ಯ ಕಣೋ. ಲೈಸೆನ್ಸ್ ಕಿತ್ಕೊಂಡ್ರು."

"ಹಾಗಾದ್ರೆ ನಂಗೂ ಒಂದು ಅರ್ಜಿ ಹಾಕಿ. ಈ ವಾರದಲ್ಲಿ ಇದು ಮೂರನೇ ಉಪ್ಪಿಟ್ಟು."

ನಡೆದದ್ದಿಷ್ಟು. ಅವರಿರುವ ಕಡೆ ವಯಸ್ಸಾದವರು ಕಾರು ಓಡಿಸಬೇಕಾದರೆ ಮತ್ತೆ ಪರೀಕ್ಷೆ ಕೊಡಬೇಕಂತೆ. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಮಾವ ಮುಳ್ಳುಗಳ ಜೊತೆಗೆ ಅದರ ಕೀಲಿಯನ್ನೂ ಬರೆದರು! ಎಡವಿದ್ದು ರಸ್ತೆಯ ಪರೀಕ್ಷೆಯಲ್ಲಿ. ನಾಲ್ಕು ದಾರಿ ಕೂಡುವಲ್ಲಿ ಕಾರು ನಿಲ್ಲಿಸಿ, ಎದುರಿನವರಿಗೆಲ್ಲ "ನೀವು ಮೊದಲು, ನೀವು ಮೊದಲು" ಎಂದು ಕೈ ತೋರಿಸುತ್ತಲೇ ಕುಳಿತರು. ಪರೀಕ್ಷಕರು ಕಾದರು, ಹಿಂದಿನವರು ಹಾರ್ನ್ ಹೊಡೆದರು, ಮಾವನ ಮೈಸೂರು ಮರ್ಯಾದೆ ಮಾತ್ರ ಮುಗಿಯಲಿಲ್ಲ. ಇಂಥ ಮನುಷ್ಯನನ್ನು ಯಾವ ದೇಶ ತಾನೇ ಪಾಸು ಮಾಡೀತು?

ಆ ಮರ್ಯಾದೆಗೆ ಸರಿಯಾದ ಜೋಡಿ ಇಲ್ಲಿ ಸಿಕ್ಕಿತು. ಕೆಳಗಿನ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಂಡಾಗ ಅಲ್ಲಿನ ಹುಡುಗಿ ತಲೆ ಬಾಗಿಸಿದಳು. ಇವರೂ ಬಾಗಿದರು. ಅವಳು ಮತ್ತೆ. ಇವರು ಇನ್ನೂ ಕೆಳಗೆ. ಕೊನೆಗೆ ನಾನೇ ಎಲ್ಲರಿಗೂ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳುತ್ತಾ ಅವರ ತೋಳು ಹಿಡಿದು ಹೊರಗೆ ತಂದೆ.

"ಕಾರಿಲ್ದೆ ಹಾಲು ತಂದೆ ನೋಡಮ್ಮ," ಎಂದರು. ಅಲ್ಲಿ ಕಾರಿಲ್ಲದೆ ಬ್ರೆಡ್ಡೂ ಸಿಗುವುದಿಲ್ಲವಂತೆ. ಕಾರಿಲ್ಲದವರದು ಅಲ್ಲಿ ಶೋಷಿತ ಜನಾಂಗ ಎಂಬುದು ಅವರ ವಾದ.

ಮೂರು ತಿಂಗಳು ಮುಗಿಯುತ್ತ ಬಂದಿತ್ತು. ಮಾವ ಹಟ ಬಿಡಲಿಲ್ಲ. ಅವರನ್ನು ಶಿನಾಗಾವಾದ ಒಂದು ಉಚಿತ ಕಾನೂನು ಸಲಹಾ ಕೇಂದ್ರಕ್ಕೆ ಕರೆದೊಯ್ದೆ. ಅಲ್ಲಿನ ವಕೀಲೆ ಪೆನ್ಸಿಲ್ ಚೂಪು ಮಾಡಿಕೊಂಡು, ನಗದೆ, ಎಲ್ಲವನ್ನೂ ಕೇಳಿಸಿಕೊಂಡರು. ಶ್ರೀಮಂತ ದೇಶದವರು ಅರ್ಜಿ ಹಾಕಬಾರದೆಂದೇನೂ ಇಲ್ಲವಂತೆ. ಆದರೆ ಜನಾಂಗ, ಧರ್ಮ, ಅಭಿಪ್ರಾಯ ಇಂಥ ಕಾರಣಕ್ಕೆ ಕಿರುಕುಳದ ನಿಜವಾದ ಭಯವಿರಬೇಕು. ಸ್ವಂತ ಸರ್ಕಾರ ಕಾಪಾಡುವುದಿಲ್ಲವೆಂದು ತೋರಿಸಬೇಕು. ಅಂಥ ದೇಶದವರಿಗೆ ಅದು ಸಾಧ್ಯವಾಗುವುದು ತೀರಾ ಅಪರೂಪ. ಯುದ್ಧದಿಂದ ಓಡಿ ಬಂದವರಿಗೇ ಇಲ್ಲಿ ಸುಲಭವಲ್ಲ ಎಂದು ಮೆಲ್ಲಗೆ ಸೇರಿಸಿದರು. ಹೊರಗಿನ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದ ಹೆಂಗಸನ್ನು ಮಾವ ಬಾಗಿಲ ಗಾಜಿನಿಂದ ನೋಡಿದರು.

ವಕೀಲೆ ಇಂಗ್ಲಿಷಿನಲ್ಲಿ ಕೇಳಿದರು: ವಾಪಸ್ ಹೋದರೆ ನಿಮಗೆ ಯಾರ ಭಯ?

ಮಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ ಉತ್ತರಿಸಿದರು.

"ಮಗಳದು. ಎಲ್ಲಿಗೆ ಹೋಗ್ಬೇಕಂದ್ರೂ ಅವಳನ್ನೇ ಕೇಳ್ಬೇಕು. ಕೇಳಿದ್ರೆ ಆಫೀಸ್ ಬಿಟ್ಟು ಓಡಿ ಬರ್ತಾಳೆ. ಒಂದು ದಿನಾನೂ ಆಗಲ್ಲ ಅಂದಿಲ್ಲಮ್ಮ. ಅದಕ್ಕೇ ಕೇಳೋದೇ ಬಿಟ್ಟೆ."

ಅದನ್ನು ವಕೀಲೆಗೆ ಅನುವಾದಿಸಲು ನನ್ನಿಂದಾಗಲಿಲ್ಲ. ಮಾವನೇ ಎದ್ದು, ಅವರ ಸಮಯ ಹಾಳುಮಾಡಿದ್ದಕ್ಕೆ ಕ್ಷಮೆ ಕೇಳಿ, ಹೊರಗಿನ ಹೆಂಗಸಿಗೆ ಒಳಗೆ ಹೋಗುವಂತೆ ಬಾಗಿಲು ಹಿಡಿದು ನಿಂತರು.

ಶಿನಾಗಾವಾ ಸ್ಟೇಷನ್ನಿನಲ್ಲಿ, ನನಗೆ ಸ್ವಲ್ಪ ಸಾಮಾನು ಕೊಳ್ಳುವುದಿದೆ, ನೀವು ಮುಂದೆ ಹೋಗಿರಿ ಮಾವ ಎಂದೆ. ಮಧ್ಯೆ ಒಮ್ಮೆ ರೈಲು ಬದಲಿಸಬೇಕು. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಂಗಿ ಎಳೆದು ಸರಿಮಾಡಿಕೊಂಡು ಗೇಟು ದಾಟಿದರು. ಹಿಂತಿರುಗಿ ನೋಡಲಿಲ್ಲ. ಮುಂದಿನ ರೈಲಿನಲ್ಲೇ ಹಿಂಬಾಲಿಸಬೇಕೆಂದು ಕಾಲು ತುಡಿಯಿತು. ಬೇಕಿಲ್ಲದ ಕೊತ್ತಂಬರಿ ಸೊಪ್ಪನ್ನು ಹುಡುಕುತ್ತಾ ಹೊತ್ತು ಕಳೆದೆ.

ಮನೆ ತಲುಪಿದಾಗ ಬಾಗಿಲು ತೆರೆದವರು ಅವರೇ. ಮುಖದ ತುಂಬ ಗಾಬರಿ.

"ಎಷ್ಟು ಹೊತ್ತಮ್ಮ? ಫೋನ್ ಮಾಡ್ಬಾರದಾಗಿತ್ತಾ, ನಾನೇ ಬಂದು ಕರ್ಕೊಂಡು ಬರ್ತಿದ್ದೆ."