ಮೆತ್ತಗೆ ಹೋಗಲೆಂದು ಬಿಟ್ಟ ಗಾಳಿ

ವಕೀಲಿ ವೃತ್ತಿಗೆ ಇಳಿದ ಮೇಲೆ ‘ನನಗೆ ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಂದ ಬರುವುದೇ ನಿಂತುಹೋಗಿತ್ತು. ಕೋರ್ಟಿನಲ್ಲಿ ಇದು ನಡೆಯುತ್ತದೆ. ಕಾರಿನ ಚಕ್ರದ ಮುಂದೆ ನಡೆಯುವುದಿಲ್ಲ. ಐವತ್ತರ ದಶಕದ ಕೊನೆಯಲ್ಲಿ, ಸಿಂದಗಿಯಲ್ಲಿದ್ದಾಗ, ಇನ್ನೊಬ್ಬರು ಓಡಿಸಿ ಸಾಕಾದ ಕಾರೊಂದನ್ನು ಕೊಂಡಿದ್ದೆ. ಗಾಳಿ ಹೆಚ್ಚಿದಷ್ಟೂ ಚಕ್ರ ಗಟ್ಟಿ ಎಂದು ನಂಬಿ, ದಿನಾ ಬೆಳಿಗ್ಗೆ ಪಂಪು ಒತ್ತಿ ಬೆವರುತ್ತಿದ್ದೆ. ಸಣ್ಣ ಹರಳಿಗೂ ಕಾರು ಚೆಂಡಿನಂತೆ ಪುಟಿಯುತ್ತಿತ್ತು. ನನ್ನ ಹೆಂಡತಿ ಶಾಂತಾ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ನೆತ್ತಿ ಹಿಡಿದು ಕೂರುತ್ತಿದ್ದಳು.

ಅವಳಿಗೆ ಏಳು ತಿಂಗಳು ತುಂಬಿದಾಗ ಬಸವನ ಬಾಗೇವಾಡಿಯ ತವರಿಗೆ ಬಿಟ್ಟುಬರಬೇಕಾಯಿತು. “ಬಸ್ಸಿಗೆ ಹೋಗೂಣ್ರಿ, ನಿಮ್ಮ ಕಾರ್ ಬ್ಯಾಡ,” ಎಂದಳು. ಮಾವನ ಮನೆಯ ಮುಂದೆ ಬಸ್ಸಿನಿಂದ ಇಳಿಯುವುದೆಂದರೇನು! ನಾಲ್ಕೂ ಚಕ್ರಗಳ ಗಾಳಿಯನ್ನು ಅಂದಾಜಿನ ಮೇಲೆ ಬಿಟ್ಟೆ. ಕಾರು ತೊಟ್ಟಿಲಿನಂತೆ ತೂಗುತ್ತ ಹೊರಟಿತು. “ಈಗ ಬರೋಬ್ಬರಿ ಐತ್ರಿ,” ಎಂದು ಅವಳು ಕಣ್ಣು ಮುಚ್ಚಿದಳು. ಸ್ಟಿಯರಿಂಗ್ ಕಲ್ಲಿನಷ್ಟು ಭಾರವಾಗಿದ್ದುದನ್ನೂ ತಿರುವುಗಳಲ್ಲಿ ಕಾರು ವಾಲುತ್ತಿದ್ದುದನ್ನೂ ನಾನು ಹೇಳಲಿಲ್ಲ.

ದೇವರ ಹಿಪ್ಪರಗಿಯಲ್ಲಿ ನೀರು ಕುಡಿಯಲು ಪಂಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆವು. ಅಂಗಡಿಯ ಮುದುಕರು ಮಕಬೂಲಸಾಬರು. ತಂಬಿಗೆ ಕೊಟ್ಟವರೇ ಮುಂದಿನ ಚಕ್ರ ಮುಟ್ಟಿ, ಕೈ ಸುಟ್ಟವರಂತೆ ಹಿಂದಕ್ಕೆಳೆದುಕೊಂಡರು.

“ಯಾರ್ರೀ ಗಾಳಿ ಬಿಟ್ಟವ್ರು?”

“ನಾನ. ಮೆತ್ತಗ ಹೋಗ್ಲಿ ಅಂತ.”

“ತಂಗೆವ್ವಾ, ನೀ ಮೊದ್ಲ ಕೆಳಗಿಳಿ,” ಎಂದು ಅವಳನ್ನು ಬೇವಿನ ನೆರಳಿಗೆ ಕೂರಿಸಿ, ನನ್ನತ್ತ ತಿರುಗಿದರು. “ಗಾಳಿ ಕಮ್ಮಿ ಆದ್ರ ಟಾಯರ್ ಮಡಚಿ ಮಡಚಿ ಕಾಯತೈತ್ರಿ ಸಾಹೇಬ್ರ. ಕಾಯ್ದು ಒಡೀತೈತಿ. ಇಲ್ಲಿ ನೋಡ್ರಿ.”

ಚಕ್ರದ ಒಳಮಗ್ಗುಲಲ್ಲಿ ನಿಂಬೆಹಣ್ಣಿನಷ್ಟು ಗಂಟು ಉಬ್ಬಿತ್ತು.

“ಹಂಗಾದ್ರ ಗಟ್ಟಿ ಆಗೂವಷ್ಟು ತುಂಬ್ರಿ,” ಎಂದೆ.

“ಅದೂ ಬ್ಯಾಡ್ರಿ. ಹೆಚ್ಚಾದ್ರ ಟಾಯರ್ ನಡುವಷ್ಟ ನೆಲ ಹಿಡೀತೈತಿ. ಬ್ರೇಕ್ ಹಾಕಿದ್ರ ಜಾರತೈತಿ. ಎಷ್ಟ ಬೇಕೋ ಅಷ್ಟ, ಎಡಕ್ಕೂ ಬಲಕ್ಕೂ ಒಂದ ಅಳತಿ. ಅದೂ ಮುಂಜಾನೆ, ಗಾಡಿ ತಣ್ಣಗಿದ್ದಾಗ ನೋಡಬೇಕ್ರಿ.”

ಗಂಟು ಉಬ್ಬಿದ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿದರು. ಉಳಿದ ಚಕ್ರಗಳು ಆರುವವರೆಗೆ ನನ್ನನ್ನು ಹೊರಡಗೊಡದೆ ಮಜ್ಜಿಗೆ ಕುಡಿಸಿದರು. ಆಮೇಲೆ ಒಂದೊಂದಕ್ಕೂ ಗಾಳಿ ಅಳೆಯುವ ಗೇಜು ಹಚ್ಚಿ, ಕಣ್ಣು ಕಿರಿದು ಮಾಡಿ ನೋಡಿ ಗಾಳಿ ತುಂಬಿದರು.

ಹೂವಿನ ಹಿಪ್ಪರಗಿ ದಾಟಿದ ಮೇಲೆ, ತಿರುವಿನಲ್ಲಿ ಕುರಿಹಿಂಡೊಂದು ರಸ್ತೆ ತುಂಬ ನಿಂತಿತ್ತು. ಬ್ರೇಕ್ ತುಳಿದು ಸ್ಟಿಯರಿಂಗ್ ತಿರುಗಿಸಿದೆ. ಕಾರು ಜಾರಲಿಲ್ಲ, ವಾಲಲಿಲ್ಲ. ಹೇಳಿದತ್ತ ತಿರುಗಿ, ಕುರಿಗಳಿಂದ ಒಂದು ಮಾರು ದೂರ ನಿಂತಿತು. ಶಾಂತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಬಾಗೇವಾಡಿಯಲ್ಲಿ ಮಾವನವರನ್ನು ಕೂರಿಸಿಕೊಂಡು, ಚಕ್ರದ ಗಾಳಿಯ ಮೇಲೆ ದೀರ್ಘವಾಗಿ ವಾದ ಮಂಡಿಸಿದೆ: ಮಡಚುವುದು, ಕಾಯುವುದು, ಎಡಬಲದ ಅಳತೆ. ಅವರು ಬೆರಗಾಗಿ, “ಭಾಳ ತಿಳ್ಕೊಂಡೀರಿ ನೀವು,” ಎಂದರು. ಒಳಗಿನಿಂದ ಶಾಂತಾಳ ದನಿ ಬಂತು: “ಹೇಳಿಕೊಟ್ಟವ್ರ ಹೆಸರೂ ಹೇಳ್ರಿ.”

ಹೇಳಿದೆ. ಅಷ್ಟು ಹೊತ್ತು ನಿರರ್ಗಳವಾಗಿ ವಾದಿಸಿದ ವಕೀಲನ ಬಾಯಿಂದ ಆ ಹೆಸರಿನ ಜೊತೆಗೆ ‘ನನಗ ಗೊತ್ತಿರಲಿಲ್ಲ’ ಎನ್ನುವ ಮಾತೂ ಬಂತು.