ಫರ್ಸಿ ಶೆಡ್ಡಿನ ರ‍್ಯಾಪ್ ಪಂಚಾಯ್ತಿ

ನಾಲ್ಕು ಮಂದಿ ಸೇರಿ ಹಾಡು ಕೇಳಿದರೆ ತಲೆನೋವು ಹೋಗುತ್ತದೆ ಅನ್ನುತ್ತಾರೆ. ನಾವು ನಾಲ್ಕು ಮಂದಿ ಸೇರಿ ಕೇಳಲು ಕೂತಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ, ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ನಾನು ವಿಮಾ ಏಜೆಂಟ. ಮನೆ ವಾಡಿಯಲ್ಲಿ, ಅನ್ನ ಸೇಡಂ, ಚಿತ್ತಾಪುರ, ಚಿಂಚೋಳಿಯ ಓಣಿಗಳಲ್ಲಿ. ಓಣಿಯ ಈ ತುದಿಯಲ್ಲಿ ನನ್ನ ಬೈಕು ನಿಂತರೆ ಆ ತುದಿಯ ಮನೆಯವರು ಆಗಲೇ ಪರವೂರಿಗೆ ಹೋಗಿರುತ್ತಾರೆ. ಚಿತ್ತಾಪುರದಲ್ಲಿ ಒಬ್ಬರು ತಮ್ಮ ಹೊಸ್ತಿಲ ಮೇಲೆ ನಿಂತುಕೊಂಡೇ "ಮನ್ಯಾಗ ಯಾರೂ ಇಲ್ರಿ" ಅಂದಿದ್ದರು. ನಾನೂ "ಆಯ್ತ್ರಿ, ಬಂದ ಮ್ಯಾಲ ಹೇಳ್ರಿ" ಅಂದು ಬಂದಿದ್ದೆ.

ಇಂಥ ನನ್ನನ್ನು ಕಂಡು ಓಡದೆ, ಕುರ್ಚಿ ಎಳೆದುಕೊಡುವವರು ಮೂವರಿದ್ದಾರೆ. ಒಬ್ಬರು ಶಾಬಾದದ ಫರ್ಸಿ ಸಾವಕಾರ್ರು. ಗಣಿಯಿಂದ ಬಂದ ಫರ್ಸಿಗೆ, ಅಂದರೆ ಹಾಸುಗಲ್ಲಿಗೆ, ಪಾಲಿಶ್ ಹಾಕಿ ಊರೂರಿಗೆ ಕಳಿಸುತ್ತಾರೆ. ಇನ್ನೊಬ್ಬರು ಸೇಡಂನ ಹೈಸ್ಕೂಲಿನಲ್ಲಿ ಗಣಿತ ಹೇಳುವ ಅಕ್ಕೋರು. ಮೂರನೆಯವರು ಚಿಂಚೋಳಿಯ ಬಸ್ ಕಂಡಕ್ಟರ್ರು, ಕೊಡ್ಲಿ ಊರಿನವರು, ಎರಡು ಮೇಳ ಹಾಡಿನಲ್ಲೇ ಪ್ರಶ್ನೆ-ಉತ್ತರ ಕಟ್ಟುವ ಸವಾಲ್-ಜವಾಬಿನ ಭಜನೆಯಲ್ಲಿ ಬೆಳೆದವರು. ಮುಂಬೈಯ ಒಂದು ಮನೆಗೆ ಕಲ್ಲು ಕೂಡಿಸಲು ಹೋಗಿದ್ದ ಸಾವಕಾರ್ರಿಗೆ ಆ ಮನೆಯವರು ಹಳೆಯದೊಂದು ರೆಕಾರ್ಡ್ ಪ್ಲೇಯರ್ ಕೊಟ್ಟು ಕಳಿಸಿದ್ದೇ ಇಷ್ಟಕ್ಕೆಲ್ಲ ಮೂಲ. ತಿಂಗಳಿಗೊಂದು ಹಿಪ್‌ಹಾಪ್ ಪ್ಲೇಟು ಪೋಸ್ಟಿನಲ್ಲಿ ಕಳಿಸುವ ಒಂದು ಕ್ಲಬ್ಬಿಗೆ ನಾಲ್ವರೂ ಕೂಡಿ ಚಂದಾ ಕಟ್ಟಿದೆವು. ಯಾವ ಪ್ಲೇಟು ಬರುತ್ತದೆ ಅನ್ನುವುದು ಅವರ ಇಚ್ಛೆ, ಬಂದ ಮೇಲೆ ಜಗಳವಾಡುವುದು ನಮ್ಮದು.

ಕಂಡಕ್ಟರ್ರು ಮೊದಲ ದಿನವೇ ತಮ್ಮೂರಿನ ಭಜನೆಯ ಕಟ್ಟಳೆ ಹಾಕಿದರು. ಅಲ್ಲಿ ಸೋತ ಮೇಳ ತಾನಾಗಿ "ಒಪ್ಪಿದೆ" ಅನ್ನುವವರೆಗೆ ಯಾರೂ ಏಳುವಂತಿಲ್ಲ. ನಾವೂ ಎಳ್ಳಮಾವಾಸ್ಯೆಯೊಳಗೆ ವರ್ಷದ ಮೊದಲ ನಂಬರಿನ ಪ್ಲೇಟು ಯಾವುದೆಂದು ನಾಲ್ವರೂ ಒಪ್ಪಬೇಕು, ಒಪ್ಪಿದರೆ ಅದರ ಹೆಸರಲ್ಲಿ ಟೆಂಗಿನಕಾಯಿ ಒಡೆದು ಚಂದಾ ಮುಂದುವರಿಸುವುದು. ಒಪ್ಪದಿದ್ದರೆ ಪ್ಲೇಟು ಹಂಚಿಕೊಂಡು ಮನೆಗೆ. ಅಂದು ನಾವೆಲ್ಲ ನಕ್ಕು ಹೂಂ ಅಂದೆವು. ಹಾಡಿನ ವಿಷಯಕ್ಕೆ ಯಾರಾದರೂ ಮಾತು ಬಿಡುತ್ತಾರೆಯೇ ಅನ್ನುವುದು ನಮ್ಮ ಧೈರ್ಯ.

೧. ಒಡದ ಕಲ್ಲು

ಮೊದಲ ಪಾರ್ಸಲ್ ಬಂದಾಗ ನಾನು ಸಾವಕಾರ್ರ ಫರ್ಸಿ ಶೆಡ್ಡಿನಲ್ಲೇ ಇದ್ದೆ. ಚಪ್ಪಟೆ, ಚೌಕ, ಮೂಲೆಗೆ ರಟ್ಟು ಕಟ್ಟಿದ್ದು. ಪೋಸ್ಟಮನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಸುತ್ತ ಆಳೆತ್ತರಕ್ಕೆ ಒಟ್ಟಿದ್ದ ಕಲ್ಲುಗಳನ್ನೂ ಪಾರ್ಸಲ್ಲನ್ನೂ ಹೊರಳಿ ಹೊರಳಿ ನೋಡಿದರು.

"ಸಾವಕಾರ್ರ, ದೇಶಕ್ಕೆಲ್ಲ ಫರ್ಸಿ ಕಳಸೋರು ನೀವು. ನಿಮಗ ಯಾರ್ರೀ ಪೋಸ್ಟಿನ್ಯಾಗ ಒಂದೊಂದೇ ಫರ್ಸಿ ಕಳಸ್ಲಿಕತ್ತಾರ?"

ಇದು ಕಲ್ಲಲ್ಲ, ಒಳಗೆ ಹಾಡು ಇದೆ ಅಂದರು ಸಾವಕಾರ್ರು. ಪೋಸ್ಟಮನ್ ನಂಬಲಿಲ್ಲ. ಶಾಬಾದದಲ್ಲಿ ಹುಟ್ಟಿದವರಿಗೆ ಒಂದು ಅಭ್ಯಾಸವಿದೆ, ಚೌಕವಾದದ್ದು ಏನೇ ಕಂಡರೂ ಗೆಣ್ಣಿನಿಂದ ಬಡಿದು ನೋಡುವುದು. ಒಳ್ಳೆಯ ಕಲ್ಲು ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ ಅನ್ನುತ್ತದೆ. ಅವರು ಪಾರ್ಸಲ್ಲನ್ನು ಕಿವಿಯ ಹತ್ತಿರ ಹಿಡಿದು ಬಡಿದರು. ಬೊದ್ ಅಂತು. ಮುಖ ಸಣ್ಣದು ಮಾಡಿಕೊಂಡು, ಸಾವಕಾರ್ರ ಕಿವಿಯಲ್ಲಿ ಹೇಳುವಂತೆ ಹೇಳಿದರು.

"ಸಹಿ ಮಾಡಬ್ಯಾಡ್ರಿ. ಮೋಸ ಆಗ್ಯದ. ಒಡದ ಕಲ್ಲ ಕಳಸ್ಯಾರ."

೨. ಮಾರ್ಕ್ಸ್

ಪ್ಲೇಟುಗಳನ್ನು ಸಾಲಾಗಿ ನಿಲ್ಲಿಸಬೇಕಾದರೆ ಅಳತೆ ಬೇಕಲ್ಲ. ಅಕ್ಕೋರು ನೂರಕ್ಕೆ ಮಾರ್ಕ್ಸ್ ಅಂದರು. ಬೀಟಿಗೆ ಇಷ್ಟು, ಮಾತಿಗೆ ಇಷ್ಟು, ಕವರಿನ ಚಿತ್ರಕ್ಕೆ ಇಷ್ಟು, ಶಿಸ್ತಿಗೆ ಹತ್ತು. ಹಿಪ್‌ಹಾಪಿನಲ್ಲಿ ಶಿಸ್ತು ಎಲ್ಲಿಂದ ತರಬೇಕು? ಹಾಡುವವನು ಎದೆ ತಟ್ಟಿ ನನ್ನ ಸಮ ಯಾರೂ ಇಲ್ಲ ಅನ್ನುವುದೇ ಅದರ ಜೀವ. ಅಕ್ಕೋರು ಆ ಹತ್ತನ್ನು ಯಾರಿಗೂ ಕೊಡಲಿಲ್ಲ. ಶಿಸ್ತಿಲ್ಲದ್ದು ಪಾಸಾಗುವಂತಿಲ್ಲ ಎಂದು ಮೊದಲ ಮೂರು ಪ್ಲೇಟು ನಪಾಸಾದವು.

ಕಂಡಕ್ಟರ್ರು ಎಲ್ಲಕ್ಕೂ ನೂರಕ್ಕೆ ನೂರು ಹಾಕಿದರು. ಹೀಗೆ ಮಾಡಿದರೆ ನಂಬರ್ ಹೇಗೆ ಹಚ್ಚುವುದು ಎಂದು ಅಕ್ಕೋರು ಕೇಳಿದ್ದಕ್ಕೆ, ಉಂಡು ಕೈ ತೊಳೆದ ಮೇಲೆ ಅಡುಗೆಗೆ ಹೆಸರಿಟ್ಟು ಕೊಂಕು ತೆಗೆಯುವುದನ್ನು ನಮ್ಮ ಮನೆಯಲ್ಲಿ ಕಲಿಸಿಲ್ಲ ಅಂದರು. ಸಾವಕಾರ್ರದು ಬೇರೆಯೇ ಲೆಕ್ಕ. ಪ್ಲೇಯರ್ ಇಟ್ಟ ಕಲ್ಲಿನ ಮೇಲೆ ಚಹದ ಕಪ್ಪು ಇಡುವುದು, ಬೀಟಿನ ಗುದ್ದಿಗೆ ಕಪ್ಪು ಎಷ್ಟು ದೂರ ಸರಿಯಿತೋ ಅಷ್ಟು ಮಾರ್ಕ್ಸ್. ಕಪ್ಪು ಕೆಳಗೆ ಬಿದ್ದರೆ ಫಸ್ಟ್ ಕ್ಲಾಸ್.

ನಾನು ಯಾರು ಮಾತಾಡಿದರೂ ತಲೆದೂಗುವವನು. ಹೊಟ್ಟೆಪಾಡಿನ ಚಟ ಅದು, ಗಿರಾಕಿಯ ಮಾತಿಗೆ ಅಡ್ಡ ಹೇಳಿದರೆ ನಮ್ಮ ದಂಧೆ ನಡೆಯುವುದಿಲ್ಲ. ಅಕ್ಕೋರ ಜೊತೆ ನಪಾಸು ಅಂದೆ, ಕಂಡಕ್ಟರ್ರ ಜೊತೆ ನೂರು ಅಂದೆ, ಸಾವಕಾರ್ರ ಕಪ್ಪಿನ ಹಿಂದೆಯೂ ಬಗ್ಗಿ ಹೋದೆ. ಕೊನೆಗೆ ಅಕ್ಕೋರು ಕನ್ನಡಕ ತೆಗೆದು ಹೇಳಿದರು: "ಇವರು ಪ್ಲೇಟ ಕೇಳಿ ಮಾರ್ಕ್ಸ್ ಕೊಡಂಗಿಲ್ಲ, ನಮ್ಮ ಮಾರಿ ನೋಡಿ ಕೊಡ್ತಾರ."

ನಾನು ತಟ್ಟನೆ ತಲೆದೂಗಿ ಅಂದೆ: "ಬರೋಬರಿ ಹೇಳಿದ್ರಿ."

೩. ನಾಯಿ ಪ್ಲೇಟು

ಕವರಿನ ಮೇಲೆ ನಾಯಿಯ ಚಿತ್ರವಿದ್ದ ಪ್ಲೇಟಿಗೆ ನಾವಿಟ್ಟ ಹೆಸರು ನಾಯಿ ಪ್ಲೇಟು. ಅದರ ಎರಡನೆಯ ಬದಿಯಲ್ಲಿ ಹಾಡು ನಡುವೆ ನಿಂತು ಪೊಲೀಸ್ ಗಾಡಿಯ ಸೈರನ್ ಕೂಗುತ್ತದೆ. ನಮಗೆ ಗೊತ್ತಿರಲಿಲ್ಲ. ಸಾವಕಾರ್ರು ಆವತ್ತು ಹೊಸ ಸ್ಪೀಕರ್ ಹಚ್ಚಿ, ಅದರ ಮುಖವನ್ನು ರಸ್ತೆಯ ಕಡೆ ತಿರುಗಿಸಿದ್ದರು.

ಹೊರಗೆ ಒಂದು ಲಾರಿಗೆ ಕಲ್ಲು ಹೇರುವುದು ಮುಗಿದಿತ್ತು. ಎಷ್ಟು ಹೇರಬೇಕಿತ್ತೋ ಅದಕ್ಕಿಂತ ಜರಾ ಹೆಚ್ಚೇ ಹೇರಿದ್ದರು ಅನ್ನುವುದು ಟಾಯರು ನೋಡಿದರೆ ತಿಳಿಯುತ್ತಿತ್ತು. ಡ್ರೈವರ್ ನೆರಳಿಗೆ ಚಪ್ಪಲಿ ಬಿಟ್ಟು ಕೂತು ಬೀಡಿ ಹಚ್ಚುತ್ತಿದ್ದ. ಸೈರನ್ ಕೂಗಿತು. ನಾವು ಆಹಾ, ಏನು ಕಲ್ಪನೆ ಅಂತ ತಲೆದೂಗಿ ಹೊರಗೆ ನೋಡುವಷ್ಟರಲ್ಲಿ ಲಾರಿ ಇತ್ತು, ಚಪ್ಪಲಿ ಇತ್ತು, ಹೊಗೆಯಾಡುವ ಬೀಡಿ ಇತ್ತು. ಡ್ರೈವರ್ ಮಾತ್ರ ತೊಗರಿ ಹೊಲದ ನಡುವೆ ಸಣ್ಣಗೆ ಕಾಣುತ್ತಿದ್ದ.

ಸಂಜೆಗೆ ತಿರುಗಿ ಬಂದ. ವಿಷಯ ತಿಳಿದು ಬೈಯಬಹುದು ಅಂದುಕೊಂಡಿದ್ದೆವು. ಅವನು ಕಾಲೊಳಗಿನ ಮುಳ್ಳು ಕೀಳುತ್ತ ಹೇಳಿದ್ದು ಇಷ್ಟೇ: "ಹಾಡ ಛೊಲೊ ಅದರಿ. ಹಚ್ಚೋದ ಇದ್ರ ಮೊದಲ ಹೇಳ್ರಿ, ಚಪ್ಪಲರೆ ಹಾಕ್ಕೋತೀನಿ."

ಒಂದು ಹಾಡು ಮನುಷ್ಯನನ್ನು ಅಷ್ಟು ದೂರ ಓಡಿಸಿದ ಮೇಲೆ ಇನ್ನಾವ ಮಾರ್ಕ್ಸು, ನಾಯಿ ಪ್ಲೇಟೇ ಮೊದಲ ನಂಬರ್ ಎಂದು ಸಾವಕಾರ್ರು ಅಂದೇ ಪಟ್ಟು ಹಿಡಿದರು. ಕಪ್ಪು ಸರಿಯುವುದನ್ನು ನೋಡುವುದು ಬಿಟ್ಟರು.

೪. ಚಂದ್ರನ ಮುದುಕ

ದಸರೆಯ ಹೊತ್ತಿಗೆ ಬಂದ ಪ್ಲೇಟಿನ ಮೇಲೆ ಬರೀ ಚಂದ್ರನ ಚಿತ್ರ. ಹಾಡಿದವರ ಮುಖ ಎಲ್ಲೂ ಇಲ್ಲ. ಹಚ್ಚಿದರೆ ಒಂದು ಗಡಸು ದನಿ, ಬಾವಿಯ ತಳದಿಂದ ಬಂದಂತೆ. ಒಂದೊಂದು ಮಾತನ್ನೂ ಅಗಿದು ಅಗಿದು ಬಿಡುತ್ತಾನೆ. ಬೀಟು ಆನೆ ನಡೆದಂತೆ. ಕಂಡಕ್ಟರ್ರು ಕಣ್ಣು ಮುಚ್ಚಿ ಕೂತುಬಿಟ್ಟರು. ಮುದುಕ, ಭಾಳ ನೋವು ಉಂಡವನು, ಸಂಸಾರ ಕಳಚಿಕೊಂಡವನು, ಇದು ರ‍್ಯಾಪ್ ಅಲ್ಲ, ತತ್ವಪದ ಎಂದು ಅವರ ವ್ಯಾಖ್ಯಾನ. ಅಕ್ಕೋರೇ ಸೋತರು. ಆ ಶಿಸ್ತಿನ ಹತ್ತು ಮಾರ್ಕ್ಸು ಜನ್ಮದಲ್ಲಿ ಮೊದಲ ಸಲ ಅವರ ಕೈಯಿಂದ ಬಿತ್ತು.

ಒಂದು ತಿಂಗಳು ಮುದುಕನ ಬಗ್ಗೆಯೇ ಮಾತು. ವಯಸ್ಸು ಎಷ್ಟಿದ್ದೀತು, ಹೆಂಡತಿ ಇದ್ದಾಳೋ ತೀರಿಕೊಂಡಳೋ. ನಾನಂತೂ ಈ ವಯಸ್ಸಿನಲ್ಲಿ ಅವನಿಗೆ ಪಾಲಿಸಿ ಸಿಗುವುದು ಕಷ್ಟ ಎಂದು ಮರುಗಿದೆ.

ಮುಂದಿನ ಭೇಟಿಯಲ್ಲಿ ಕಂಡಕ್ಟರ್ರು ಮುದುಕನಿಗೆ ಕೈ ಮುಗಿಯಲು ಬಗ್ಗಿದಾಗ ಅವರ ಮೊಣಕೈ ಪ್ಲೇಯರಿನ ಒಂದು ಗುಂಡಿಗೆ ತಾಗಿತು. ಬಾವಿಯ ತಳದ ದನಿ ಒಮ್ಮೆಲೇ ಮೇಲೆ ಜಿಗಿಯಿತು. ಹಾಡುತ್ತಿದ್ದುದು ಒಬ್ಬ ಹುಡುಗಿ. ಕಾಲೇಜು ಹುಡುಗಿಯ ಚುರುಕು, ಕುಣಿಯುವ ಬೀಟು. ಪ್ಲೇಯರ್ ಕೆಟ್ಟಿತೆಂದು ಸಾವಕಾರ್ರು ಹೌಹಾರಿದರು. ಅಕ್ಕೋರು ಪ್ಲೇಟಿನ ನಡುವಿನ ಚೀಟಿಯನ್ನು ಕಣ್ಣಿಗೆ ಹಿಡಿದು ಓದಿದರು. ಅದು ನಲವತ್ತೈದರ ವೇಗದ ಪ್ಲೇಟು, ನಾವು ಒಂದು ತಿಂಗಳು ಮೂವತ್ತಮೂರರಲ್ಲಿ ತಿರುಗಿಸಿದ್ದೆವು.

ನಗಬೇಕಾದ ಜಾಗ. ಆದರೆ ಜಗಳ ಹತ್ತಿತು. ಹುಡುಗಿಗೆ ಎಷ್ಟು ಬರುತ್ತದೋ ಅಷ್ಟೇ, ಮುದುಕನಿಗೆ ಕೊಟ್ಟ ಮಾರ್ಕ್ಸ್ ರದ್ದು ಎಂದು ಅಕ್ಕೋರು. ಕಿವಿಯೊಳಗೆ ಹೋದದ್ದನ್ನು ರದ್ದು ಮಾಡಲು ಬರುವುದಿಲ್ಲ ಎಂದು ಕಂಡಕ್ಟರ್ರು. ನಾಯಿ ಪ್ಲೇಟು ಎಂದು ಸಾವಕಾರ್ರು. ಮಾತಿಗೆ ಮಾತು ಬೆಳೆದು, ಬಸ್ಸಿನಲ್ಲಿ ಟಿಕೆಟ್ ಹರಿಯುವವರಿಗೆ ಸಂಗೀತ ಏನು ಗೊತ್ತು ಎಂದು ಅಕ್ಕೋರು ಅಂದುಬಿಟ್ಟರು. ಕಂಡಕ್ಟರ್ರು ಎದ್ದು ಬಾಗಿಲ ತನಕ ಹೋಗಿ ನಿಂತರು. ಅವರ ಕಣ್ಣಲ್ಲಿ ನೀರಿತ್ತು.

"ಒಂದ ತಿಂಗಳ ಆ ಮುದುಕನ ಜೋಡಿ ಮಾತಾಡೀನ್ರಿ ನಾ. ಒಮ್ಮಿಗೇ ಸತ್ತ ಅಂತೀರಿ. ಅವನ ಮಣ್ಣಿಗರೆ ಹೋಗಿ ಬರ್ಲಿಕ್ಕಿ ಬಿಡ್ರಿ."

೫. ಎಳ್ಳಮಾವಾಸ್ಯೆಯ ಮುಂಚಿನ ದಿನ

ಆಮೇಲೆ ಯಾರೂ ಸೇರಲಿಲ್ಲ. ಬಂದ ಪಾರ್ಸಲ್ಲು ಬಿಚ್ಚದೆ ಬಿದ್ದಿತ್ತು. ನಾನು ಮೂವರಿಗೂ ಫೋನು ಮಾಡಿದರೆ ಮೂವರೂ ಗಿರಾಕಿಗಳ ಹಾಗೆ "ಆಮ್ಯಾಲ ನೋಡೋಣ್ರಿ" ಅಂದರು. ನನಗೆ ನಿಜಕ್ಕೂ ದುಃಖವಾಯಿತು. ನಾನು ತಿರುಗುವ ಊರುಗಳಲ್ಲೆಲ್ಲ ನನಗಾಗಿ ಎಳೆದುಕೊಡುತ್ತಿದ್ದ ಕುರ್ಚಿ ಅದೊಂದೇ.

ಕೊನೆಗೆ ಕಟ್ಟಳೆಯಂತೆ ಪ್ಲೇಟು ಹಂಚಿಕೊಳ್ಳಲು ಎಳ್ಳಮಾವಾಸ್ಯೆಯ ಹಿಂದಿನ ದಿನ ಸೇರಿದೆವು. ಕಂಡಕ್ಟರ್ರು ಚೀಲದಲ್ಲಿ ಟೆಂಗು ತಂದಿದ್ದರು. ಒಡೆಯಲು ಅಲ್ಲ, ಮನೆಗೆ ಒಯ್ಯಲು ಎಂದು ಯಾರೂ ಕೇಳದಿದ್ದರೂ ಹೇಳಿದರು.

ಶೆಡ್ಡಿಗೆ ಹತ್ತಿದ ಅಂಗಳದಲ್ಲಿ ಸಾವಕಾರ್ರ ತಾಯಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಮರುದಿನ ಎಲ್ಲರೂ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಉಣ್ಣಬೇಕಲ್ಲ, ಬುಟ್ಟಿಗಟ್ಟಲೆ ರೊಟ್ಟಿ ಬೇಕು. ಒಬ್ಬೊಬ್ಬರ ಮುಂದೆ ಒಂದೊಂದು ನುಣುಪು ಫರ್ಸಿ, ಅದರ ಮೇಲೆ ಎಳ್ಳು ಹಚ್ಚಿದ ಹಿಟ್ಟು. ನನ್ನನ್ನು ಕಂಡು ಒಂದು ವರ್ಷದಿಂದ ಬಾಗಿಲು ಹಾಕಿಕೊಳ್ಳುತ್ತಿದ್ದ ಸಾವಕಾರ್ರ ಪಕ್ಕದ ಮನೆಯವರೂ ಅಲ್ಲಿದ್ದರು. ಕೈ ತುಂಬ ಹಿಟ್ಟು, ಓಡಲು ಆಗಲಿಲ್ಲ.

ಗೀರು ಬಿದ್ದ ಪ್ಲೇಟು ಯಾರ ಪಾಲಿಗೆ ಅನ್ನುವ ತಂಟೆ ಬೇಡವೆಂದು ಸಾವಕಾರ್ರು ಒಂದೊಂದನ್ನೇ ಹಚ್ಚಿ ನೋಡತೊಡಗಿದರು. ನಾಯಿ ಪ್ಲೇಟು ಹಚ್ಚಿ ಅರ್ಧ ನಿಮಿಷವಾಗಿರಲಿಲ್ಲ, ತಾಯಿ ಅಂಗಳದಿಂದ ಕೂಗಿದರು.

"ಅದನ್ನ ತಗಿಯಪ್ಪಾ. ಕೈ ತಪ್ಪಲಿಕತ್ತದ, ರೊಟ್ಟಿ ಹರೀಲಿಕತ್ತಾವ."

ಸಜ್ಜೆ ಹಿಟ್ಟಿಗೆ ಜಿಗುಟು ಕಡಿಮೆ. ಬಡಿತ ಹೆಚ್ಚುಕಡಿಮೆಯಾದರೆ ಅಂಚು ಸೀಳುತ್ತದೆ. ಕಿವಿಗೆ ಬೀಟು ಬಿದ್ದರೆ ಕೈ ಅದರ ಹಿಂದೆಯೇ ಹೋಗುತ್ತದೆ, ಅದು ಆ ಹೆಂಗಸರ ತಪ್ಪಲ್ಲ. ಸಾವಕಾರ್ರು ತಮ್ಮ ಮೊದಲ ನಂಬರನ್ನು ತೆಗೆದು ಇನ್ನೊಂದು ಹಚ್ಚಿದರು. ತಾಯಿ ಅದನ್ನೂ ತೆಗೆಸಿದರು. ಮತ್ತೊಂದಕ್ಕೆ ರೊಟ್ಟಿ ದಪ್ಪ ಬಂದವಂತೆ. ಅಕ್ಕೋರು ವರ್ಷವಿಡೀ ನಪಾಸು ಮಾಡಿದ್ದಕ್ಕಿಂತ ಬೇಗ ಅಂಗಳದವರು ನಪಾಸು ಮಾಡುತ್ತಿದ್ದರು.

ಕೊನೆಗೆ ಚಂದ್ರನ ಪ್ಲೇಟು, ಸರಿಯಾದ ವೇಗದಲ್ಲಿ. ತಾಯಿ ಸ್ವಲ್ಪ ಕೇಳಿ, ಛೊಲೊ ಅದ, ಆದರೆ ಓಡಲಿಕತ್ತದ, ಜರಾ ಸಾವಕಾಶ ಮಾಡು ಅಂದರು. ಸಾವಕಾರ್ರು ಅಕ್ಕೋರ ಮುಖ ನೋಡಿದರು. ಅಕ್ಕೋರು ಗೋಡೆ ನೋಡಿದರು. ಸಾವಕಾರ್ರು ಗುಂಡಿ ಒತ್ತಿದರು.

ಬಾವಿಯ ತಳದಿಂದ ಮುದುಕ ಎದ್ದು ಬಂದ. ಅಂಗಳದಲ್ಲಿ ಒಂದು ಕೈ ಅವನ ಬೀಟಿಗೆ ಬಿತ್ತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲರದೂ. ಬಳೆಗಳೆಲ್ಲ ಒಂದೇ ಸಲ ಸದ್ದು ಮಾಡತೊಡಗಿದವು. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಗುತ್ತಿತ್ತು, ಒಂದೂ ಹರಿಯಲಿಲ್ಲ. ಬದಿ ಮುಗಿದಾಗ, ನನಗೆ ಬಾಗಿಲು ಹಾಕುತ್ತಿದ್ದ ಪಕ್ಕದ ಮನೆಯವರೇ ತಲೆ ಎತ್ತಿ ನನ್ನ ಕಡೆ ನೋಡಿ, "ಏಜೆಂಟ್ರ, ಅದನ್ನ ತಿರುವಿ ಹಾಕ್ರಿ" ಅಂದರು. ನನ್ನ ವೃತ್ತಿಯಲ್ಲಿ ಯಾರೂ ತಾವಾಗಿ ನನ್ನನ್ನು ಹತ್ತಿರ ಕರೆದಿರಲಿಲ್ಲ. ಓಡಿ ಹೋಗಿ ತಿರುವಿ ಹಾಕಿದೆ.

ಅಕ್ಕೋರು ಅಂಗಳಕ್ಕೆ ಇಳಿದರು. ಒಂದು ರೊಟ್ಟಿಯನ್ನು ಕೈಗೆತ್ತಿಕೊಂಡು ಅಂಚು ಪರೀಕ್ಷಿಸಿ, ಕಂಡಕ್ಟರ್ರ ಮುಂದೆ ಬಂದು ನಿಂತರು.

"ಥಿಯರಿಯೊಳಗ ನಂದೇ ಖರೇ. ಆದ್ರ ಪ್ರಾಕ್ಟಿಕಲ್‌ನ್ಯಾಗ ನಿಮ್ಮ ಮುದುಕ ಪಾಸ ಆಗ್ಯಾನ. ಒಪ್ಪಿದೆ. ಆವತ್ತ ನಾ ಆಡಿದ ಮಾತ ಹೊಟ್ಟ್ಯಾಗ ಇಟ್ಕೋಬ್ಯಾಡ್ರಿ."

ಕಂಡಕ್ಟರ್ರು ನೂರು ಮಾರ್ಕ್ಸು ಎಂದು ಕೈಸನ್ನೆ ಮಾಡಿದರು, ಪ್ಲೇಟಿಗೋ ಅಕ್ಕೋರಿಗೋ ತಿಳಿಯಲಿಲ್ಲ. ಸಾವಕಾರ್ರು ತಾಯಿ ಕಡೆ ನೋಡಿ ತಾವೂ ಒಪ್ಪಿದೆ ಅಂದರು. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಹೇಳಿದೆ, ಈ ಸಲ ಯಾರ ಮುಖವನ್ನೂ ನೋಡದೆ. ಟೆಂಗನ್ನು ರೊಟ್ಟಿ ಬಡಿಯುವ ಫರ್ಸಿಯ ಪಕ್ಕದಲ್ಲೇ ಒಡೆದೆವು. ಚಂದಾ ಮುಂದುವರಿಯಿತು, ಹಾಡು ಹಚ್ಚುವ ಮುಂಚೆ ವೇಗದ ಗುಂಡಿಯ ಮೇಲೆ ಅಂಗಳದವರಿಗೂ ಹಕ್ಕು ಎಂದು ಹೊಸ ಕಟ್ಟಳೆ ಆಯಿತು.

ತಾಯಿ ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು, ಇಷ್ಟೊತ್ತು ಆ ಮುದುಕ ಏನು ಹೇಳುತ್ತಿದ್ದ ಎಂದು ಕೇಳಿದರು. ಮುದುಕನಲ್ಲ, ಸಣ್ಣ ಹುಡುಗಿ ಎಂದು ಅಕ್ಕೋರು ವಿವರಿಸಿದರು. ಪದ್ಯದಲ್ಲಿ ಈ ಜಗತ್ತಿನಲ್ಲಿ ತನ್ನ ಸಮ ಯಾರೂ ಇಲ್ಲ, ತನ್ನ ಎದುರು ನಿಲ್ಲುವವರಿದ್ದರೆ ಬರಲಿ ಎಂದು ಸವಾಲು ಹಾಕುತ್ತಿದ್ದಾಳೆ ಎಂದರು, ಸರಿಯಾದ ವೇಗದಲ್ಲಿ ಕೇಳಿದ ಮೇಲೆ ಮಾತು ತಿಳಿದಿದ್ದ ಕಂಡಕ್ಟರ್ರು. ತಾಯಿ ಸೆರಗಿನಿಂದ ಹಿಟ್ಟಿನ ಕೈ ಒರೆಸಿಕೊಂಡು, ತಿರುಗುತ್ತಿದ್ದ ಪ್ಲೇಟನ್ನು ಒಮ್ಮೆ ನೋಡಿದರು.

"ರೊಟ್ಟಿ ಬಡೀಲಿಕ್ಕಿ ಬರ್ತದೇನು ಕೇಳ್ರಿ ಅಕಿಗಿ."