ಹುಣಸೆಮರ ಸರಿಸಿದ ಕಲಾವಿದ

ತಾಹೇರ: ಇಳೀರಿ ಬಾಲಪ್ಪ, ಕೈ ಮುಗೀತೀನಿ. ಆ ಕ್ಯಾರಿಯರ್ ಇರೂದು ಚಿತ್ರ ಕಟ್ಟಾಕ, ನಿಮ್ಮಂಥಾ ಭಾರದ ಆಳು ಕುಂದ್ರಾಕಲ್ಲ.

ಬಾಲಪ್ಪ: ಇಳಿಯೂದಿಲ್ರಿ. ಮೊದ್ಲು ನನ್ನ ಹುಣಸಿಗಿಡ ಎಲ್ಲಿತ್ತೋ ಅಲ್ಲಿ ನಿಂದ್ರಸ್ರಿ. ಆಮ್ಯಾಲೆ ಸೈಕಲ್ ಒಯ್ರಿ.

ತಾಹೇರ: ನಿಮ್ಮ ಗಿಡ ಎಲ್ಲಿ ಹೋಗೈತಿ? ಹಿಂದ ಅಲ್ಲೇ ನಿಂತೈತಲ್ಲ! ತಿರುಗಿ ನೋಡ್ರಿ.

ಬಾಲಪ್ಪ: ನಾ ಯಾಕ ತಿರುಗಿ ನೋಡ್ಲಿ? ಹೊಲದಾಗಿನ ಗಿಡ ನನಗ ಗೊತ್ತೈತಿ. ಕೊಪ್ಪಳದಾಗ ಮಂದಿ ನೋಡೂದು ನನ್ನ ಹೊಲ ಅಲ್ಲ, ನಿಮ್ಮ ಚಿತ್ರ. ಚಿತ್ರದಾಗ ಗಿಡ ನಮ್ಮ ಅತ್ತಿಗಿ ಹೊಲಕ್ಕ ಹೋಗಿ ನಿಂತೈತಿ.

ಮಾರೆವ್ವ: ಬಿಡ್ರಿ ತಾಹೇರಣ್ಣ, ಅಲ್ಲೇ ಇರ್ಲಿ. ಭಾಳ ಛಂದ ಕಾಣತೈತಿ. ಮುಟ್ಟಬ್ಯಾಡ್ರಿ ಅದನ್ನ.

ಗಂಗಾವತಿಯಿಂದ ಹನ್ನೆರಡು ಕಿಲೋಮೀಟರು ದೂರದ ತುಂಗಭದ್ರೆಯ ದಂಡೆಯಲ್ಲಿ, ಬಿಸಿಲು ನೆತ್ತಿಗೇರುವ ಹೊತ್ತಿನಲ್ಲಿ, ಮೂವರೂ ಮೂರು ಕಡೆ ಗಟ್ಟಿಯಾಗಿ ಕುಳಿತಿದ್ದರು. ಬಾಲಪ್ಪ ಸ್ಟ್ಯಾಂಡು ಹಾಕಿದ ಸೈಕಲ್ಲಿನ ಕ್ಯಾರಿಯರ್ ಮೇಲೆ. ಅವನ ಅಣ್ಣನ ಹೆಂಡತಿ ಮಾರೆವ್ವ ಎರಡು ಹೊಲಗಳ ನಡುವಿನ ಬದುವಿನ ಮೇಲೆ. ಅವಳ ತೊಡೆಯ ಮೇಲೆ ಚಿತ್ರ, ಮೊಮ್ಮಗನನ್ನು ಮಲಗಿಸಿಕೊಂಡಂತೆ. ಬದುವಿನ ವ್ಯವಹಾರಗಳಿಗೆಲ್ಲ ಅವಳ ಗಂಡ ಅವಳನ್ನೇ ಕಳಿಸುತ್ತಿದ್ದ. ತಾನು ಹೋದರೆ ತಮ್ಮನ ಮುಖ ನೋಡಿ ಕರಗಿಬಿಡುತ್ತೇನೆ ಎಂಬ ಭಯ ಅವನಿಗೆ. ಇನ್ನು ತಾಹೇರ ಕುಳಿತಿದ್ದು ಒಂದು ಕಲ್ಲಿನ ಮೇಲೆ. ಮನೆಯಿಂದ ತಂದಿದ್ದ ಮಡಚುವ ಸ್ಟೂಲು ಎಂಟು ದಿನದ ಹಿಂದೆ ಕಾಲು ಮುರಿದುಕೊಂಡಾಗಿನಿಂದ ಆ ಕಲ್ಲೇ ಅವನ ಸಿಂಹಾಸನ.

ಇಪ್ಪತ್ತಾರು ವರ್ಷ ತಾಹೇರ ಗಂಗಾವತಿಯ ಅಂಗಡಿಗಳಿಗೆ ಬೋರ್ಡು ಬರೆದವನು. ಊರ ಮಂದಿಯ ಹೆಸರನ್ನೆಲ್ಲ ಆಳೆತ್ತರದ ಅಕ್ಷರದಲ್ಲಿ ಬರೆದು, ತನ್ನ ಹೆಸರನ್ನು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಬರೆಯುತ್ತಿದ್ದ. ಫ್ಲೆಕ್ಸು ಬಂದು ಕುಂಚಕ್ಕೆ ಕೆಲಸವಿಲ್ಲದಂತಾಯಿತು. ಬೇರೆಯವರಾಗಿದ್ದರೆ ಚಹಾದಂಗಡಿ ಇಡುತ್ತಿದ್ದರು, ತಾಹೇರ ಕಲಾವಿದನಾದ. 'ತಾಹೇರ, ನದಿ ಚಿತ್ರಗಳ ಕಲಾವಿದ' ಎಂಬ ಕಾರ್ಡನ್ನು ಅದೇ ಫ್ಲೆಕ್ಸಿನ ಅಂಗಡಿಯಲ್ಲಿ ಮಾಡಿಸಿಕೊಂಡ. ಮೂರು ವಾರದಿಂದ ನಸುಕಿನಲ್ಲೇ ಸೈಕಲ್ ತುಳಿದು ಬಂದು, ಈ ಒಂದು ಚಿತ್ರಕ್ಕೆ ಜೀವ ತೇಯ್ದಿದ್ದ. ಇವತ್ತು ಸಂಜೆ ಐದರೊಳಗೆ ಅದನ್ನು ಕೊಪ್ಪಳಕ್ಕೆ ಮುಟ್ಟಿಸಿದರೆ ಪ್ರದರ್ಶನದಲ್ಲಿ ಜಾಗ. ಅಲ್ಲಿ ಆರಿಸಿದ್ದನ್ನು ಸರ್ಕಾರಿ ಕಚೇರಿಯ ಹಾಲಿನಲ್ಲಿ ಕಾಯಂ ಆಗಿ ತೂಗುಹಾಕುತ್ತಾರೆ, ಕೆಳಗೆ ಹೆಸರು ಸಮೇತ. ಇದನ್ನು ಬಂದ ಮೊದಲ ದಿನವೇ ಇವರಿಬ್ಬರ ಮುಂದೆ ಕೊಚ್ಚಿಕೊಂಡಿದ್ದ. ಅದೇ ಈಗ ಕುತ್ತಿಗೆಗೆ ಬಂದಿತ್ತು.

ತಾಹೇರ: ಚಿತ್ರ ಅಂದ್ರ ಪಹಣಿ ಅಲ್ರಿ ಬಾಲಪ್ಪ. ಇದು ಕಲೆ!

ಬಾಲಪ್ಪ: ಸರ್ಕಾರಿ ಗ್ವಾಡಿಗೆ ಏರಿತಂದ್ರ ಎಲ್ಲಾನೂ ದಾಖಲಿನ. ನಾಳೆ ಅತ್ತಿಗಿ ಕಡೆಯವ್ರು ಅದರ ಮುಂದ ನಿಂತು ಫೋಟೋ ಹೊಡಕೊಂಡು, ನೋಡ್ರಿ ಗಿಡ ನಮ್ಮ ಕಡೆ ಐತಿ ಅಂದ್ರ, ನಾ ಏನು ಹೊಳಿಗೆ ಹಾರ್ಲಿ?

ಮಾರೆವ್ವ: ಫೋಟೋ ಆಗಲೇ ಹೊಡಕೊಂಡೀನಿ. ನವಲಿಗೆ ನನ್ನ ತಮ್ಮಗ ಕಳಿಸಿನೂ ಆತು.

ಬಾಲಪ್ಪ: ಕೇಳಿದ್ರ್ಯಾ? ಕೇಳಿದ್ರ್ಯಾ ಪೇಂಟರ್ ಸಾಹೇಬ್ರ?

ತಾಹೇರ: ಪೇಂಟರ್ ಅನಬ್ಯಾಡ್ರಿ. ಕಲಾವಿದ.

ಬಾಲಪ್ಪ: ಅದೇನರ ಆಗ್ರಿ. ಗಿಡ ಯಾಕ ಸರಿಸಿದ್ರಿ, ಅದನ್ನ ಹೇಳ್ರಿ.

ತಾಹೇರ ಗಂಟಲು ಸರಿಮಾಡಿಕೊಂಡ. ಯಾರಾದರೂ ಕೇಳಲಿ ಎಂದು ಮೂರು ವಾರದಿಂದ ಕಾದಿದ್ದ ಪ್ರಶ್ನೆ ಇದು. ಕೇಳುವವರು ಕ್ಯಾರಿಯರ್ ಮೇಲೆ ಕುಳಿತು ಕೇಳುತ್ತಾರೆಂದು ಮಾತ್ರ ಅಂದುಕೊಂಡಿರಲಿಲ್ಲ.

ತಾಹೇರ: ನೋಡ್ರಿ, ಬಲಗಡೆ ಗುಡ್ಡ ಐತಿ, ಬಂಡಿಗಲ್ಲು ಅದಾವು. ಎಡಗಡೆ ಬರೇ ನೀರು, ನೆಲ್ಲಿನ ಗದ್ದಿ. ಚಿತ್ರದ ತೂಕ ಒಂದ ಕಡೆ ವಾಲಿತ್ತು. ಅದಕ್ಕ ಗಿಡಾನ ಸ್ವಲ್ಪ ಎಡಕ್ಕ ಸರಿಸಿ ತೂಕ ಸರಿ ಮಾಡೀನಿ.

ಬಾಲಪ್ಪ: ತೂಕ ಸಾಲದಿದ್ರ ನಿಮ್ಮ ಸೈಕಲ್ ನಿಂದ್ರಸಬೇಕಾಗಿತ್ತು. ಇಲ್ಲಾ ನಮ್ಮ ಅತ್ತಿಗೀನ ಕುಂದ್ರಸಬೇಕಾಗಿತ್ತು.

ಮಾರೆವ್ವ: ಏ, ನಾ ಇದ್ದೀನೋ ಚಿತ್ರದಾಗ! ಹೊಳಿ ದಂಡಿಗೆ ಕೊಡ ಹೊತ್ಕೊಂಡು ನಿಂತೀನಿ. ಆದ್ರ ತಾಹೇರಣ್ಣ, ಈ ಹಿತ್ತಾಳಿ ಕೊಡ ಎಲ್ಲೀದು? ನಂದು ಹಸರು ಪ್ಲಾಸ್ಟಿಕ್ಕಿಂದಲ್ಲ?

ತಾಹೇರ: ಪ್ಲಾಸ್ಟಿಕ್ ಚಿತ್ರದಾಗ ಒಪ್ಪೂದಿಲ್ಲವಾ.

ಮಾರೆವ್ವ: ಹಂಗಾರ ಆ ಕೊಡಾನೂ ನನಗ ಆತಂತ ಬರೀರಿ.

ಬಾಲಪ್ಪ: ನನ್ನ ಮೋಟರ್ ಎಲ್ಲಿ? ಇಷ್ಟುದ್ದ ಪೈಪ್ ಇತ್ತಲ್ಲ ಹೊಳಿತನಕ?

ತಾಹೇರ: ಅದನ್ನ ತೆಗೆದೀನಿ. ನೋಟಕ್ಕ ಅಡ್ಡ ಬರ್ತಿತ್ತು.

ಬಾಲಪ್ಪ: ಯಪ್ಪಾ! ಹತ್ತು ವರ್ಷದಿಂದ ಕರೆಂಟಿನ ಮಂದಿ ಬಂದು ಬಂದು ತೆಗಿಯಾಕ ಆಗಿಲ್ಲ. ಇವ್ರು ಕುಂತಲ್ಲೇ ತೆಗೆದ್ರು! ಅತ್ತಿಗೆವ್ವಾ, ಈ ಮನಷ್ಯಾನ್ನ ಹಿಂಗ ಬಿಟ್ರ ಸಂಜಿಕ ನಮ್ಮ ಮನೀನೂ ಆಚಿ ದಂಡಿಗೆ ಇಟ್ಟು ಬರ್ತಾನ.

ಮಾರೆವ್ವ: ನಿಂದು ಇಟ್ರ ಇಡ್ಲಿ.

ತಾಹೇರ ಮೊಬೈಲಿನಲ್ಲಿ ಹೊತ್ತು ನೋಡಿದ. ಹನ್ನೆರಡಕ್ಕೆ ಹತ್ತು ಕಮ್ಮಿ. ಗಂಗಾವತಿಗೆ ತುಳಿಯಲು ಒಂದು ತಾಸು, ಅಲ್ಲಿಂದ ಬಸ್ಸು. ಕಲೆಯ ಗೌರವ ಉಳಿಸಲು ಅವನ ಬಳಿ ಹೆಚ್ಚು ವೇಳೆ ಇರಲಿಲ್ಲ.

ತಾಹೇರ: ಆತು ಬಿಡ್ರಿ. ಹಾಳಾಗಿ ಹೋಗ್ಲಿ ತೂಕ. ಕೊಡವ್ವಾ ಚಿತ್ರ ಇಲ್ಲಿ, ಎರಡು ಕುಂಚ ಎಳೆದು ಗಿಡಾನ ಬಾಲಪ್ಪನ ಕಡೆಗೇ ಹಾಕ್ತೀನಿ.

ಮಾರೆವ್ವ: ಕೊಡೂದಿಲ್ಲ. ಒಮ್ಮೆ ಕೊಟ್ಟ ಗಿಡ ತಿರುಗಿ ಕಸಗೋತೀರೇನು? ನೀವೇನು ಮನಷ್ಯಾರೋ ಏನು?

ತಾಹೇರ: ನಾ ಎಲ್ಲಿ ಕೊಟ್ಟೆ?

ಮಾರೆವ್ವ: ಮತ್ತ ಚಿತ್ರ ಬರೆದವ್ರು ಯಾರು, ನಮ್ಮ ಮಾವನೇನು?

ತಾಹೇರ: ಹಂಗಾರ ಗಿಡಾನ ಪೂರಾ ಅಳಿಸಿಬಿಡ್ತೀನಿ. ಯಾರಿಗೂ ಬ್ಯಾಡ, ಜಗಳಾನೂ ಬ್ಯಾಡ!

ಅತ್ತಿಗೆ ಮೈದುನ ಇಬ್ಬರೂ ಒಟ್ಟಿಗೆ ಎಗರಿದರು. ಅಣ್ಣತಮ್ಮಂದಿರ ಹೊಲ ಪಾಲಾಗಿ ಬದುವಿನ ಜಗಳ ಶುರುವಾದ ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಮಾರೆವ್ವ: ಅಳಸ್ತಾನಂತ! ನಮ್ಮ ಮಾವ ಹಚ್ಚಿದ ಗಿಡಾನ!

ಬಾಲಪ್ಪ: ಅದರ ನೆಳ್ಳಾಗ ಬುತ್ತಿ ಉಂಡು ಬೆಳೆದೀನ್ರಿ ನಾ! ಕೈ ಹಚ್ಚಿ ನೋಡ್ರಿ!

ಮಾರೆವ್ವ: ಅಲ್ಲೋ ಬಾಲಪ್ಪ, ಈ ಮನಷ್ಯಾನ್ನ ನಂಬಿ ನಾವ್ಯಾಕ ಬಡದಾಡಾಕತ್ತೀವಿ? ಗಿಡ ಚಿತ್ರದಾಗ ಎಲ್ಲರ ಹೋಗ್ಲಿ. ಎರಡು ಹೊಲದ ಹದ್ದು ಹೇಳೂದು ಗಿಡಾನೋ, ಕಲ್ಲೋ?

ಬಾಲಪ್ಪ: ಕಲ್ಲು.

ಮಾರೆವ್ವ: ಸರ್ವೇದವ್ರು ಬಂದು, ತಲಿ ಮ್ಯಾಲೆ ಪ್ಲಸ್ ಗುರುತು ಕಡದು ನಟ್ಟ ಹದ್ದಿನ ಕಲ್ಲು. ಹೋದ ವರ್ಷ ಹೊಳಿ ಬಂದಾಗ ಬುಡ ಸಡಿಲಾಗಿ ಬಿತ್ತು, ಆದ್ರೂ ಬಿದ್ದಲ್ಲೇ ಐತಿ. ನೀನೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ. ಹೌದಿಲ್ಲೋ?

ಬಾಲಪ್ಪ: ಹೌದವ್ವಾ. ಕಲ್ಲು ಇರೂತನಕ ನಮಗ್ಯಾಕ ಚಿಂತಿ? ಒಯ್ರಿ ಸಾಹೇಬ್ರ ನಿಮ್ಮ ಸೈಕಲ್.

ಬಾಲಪ್ಪ ಕ್ಯಾರಿಯರ್ ಇಳಿದ. ಮಾರೆವ್ವ ಚಿತ್ರ ಹಿಡಿದುಕೊಂಡೇ ಎದ್ದು ನಿಂತಳು. ಏಳಬೇಕಾದವನು ತಾಹೇರ, ಅವನೇ ಏಳಲಿಲ್ಲ. ಎಂಟು ದಿನದಿಂದ ಕೂತಾಗಲೆಲ್ಲ ಕೆಳಗೇನೋ ಅಡ್ಡಡ್ಡ, ಉದ್ದುದ್ದ ಒತ್ತುತ್ತಿತ್ತು. ಅದರ ಅರ್ಥವೇನೆಂದು ಅವನಿಗೆ ಈಗ ಹೊಳೆಯಿತು.

ಬಾಲಪ್ಪ: ಏಳ್ರಿ, ಬಸ್ ತಪ್ಪತೈತಿ.

ತಾಹೇರ: ಇನ್ನೊಂದು ಸ್ವಲ್ಪ ಕುಂದ್ರತೀನಿ. ಗಾಳಿ ಛಲೋ ಐತಿ.

ಮಾರೆವ್ವ: ಬಾಲಪ್ಪ... ಹುಣಸಿ ಬುಡಕ್ಕ ಕಲ್ಲು ಇಲ್ಲಲ್ಲೋ!

ಬಾಲಪ್ಪ: ಮೊನ್ನೆ ಬದುವಿಗೆ ಹೊಸ ಮಣ್ಣು ಹಾಕಿದ್ದೀನಿ, ಅದರಾಗ ಮುಚ್ಚಿರಬೇಕು... ಇಲ್ಲ... ಸಾಹೇಬ್ರ, ನೀವು ಕುಂತೀರಲ್ಲ, ಅದೇನದು?

ತಾಹೇರ: ಇದಾ? ಇದು ಕಲ್ಲು.

ಬಾಲಪ್ಪ: ಎಂಥಾ ಕಲ್ಲು? ಎದ್ದು ತೋರಸ್ರಿ.

ತಾಹೇರ ನಿಧಾನಕ್ಕೆ ಎದ್ದ. ಕಲ್ಲಿನ ತಲೆಯ ಮೇಲೆ, ಎಂಟು ದಿನದ ಕೂರಾಟದಲ್ಲಿ ನುಣ್ಣಗೆ ಹೊಳಪು ಬಂದ ಪ್ಲಸ್ ಗುರುತು ಬಿಸಿಲಿಗೆ ಥಳಥಳಿಸಿತು.

ಮಾರೆವ್ವ: ನನ್ನ ಹೊಟ್ಟಿ ಉರೀತು! ಹದ್ದಿನ ಕಲ್ಲಿನ ಮ್ಯಾಲೆ ಕುಂತಾನ!

ತಾಹೇರ: ಸ್ಟೂಲ್ ಮುರಿದಿತ್ತವ್ವಾ. ಸುಮ್ನ ಬಿದ್ದೈತಿ ಅಂತ ಉಳ್ಳಿಸ್ಕೊಂಡು ಬಂದೆ. ಒಂದು ಹತ್ತು ಹೆಜ್ಜಿ. ಹನ್ನೆರಡು ಇರಬಹುದು.

ಬಾಲಪ್ಪ: ಎಲ್ಲಿತ್ತು ಖರೆ ಜಾಗ? ತೋರಸ್ರಿ!

ತಾಹೇರ: ಅಲ್ಲೇ... ಗಿಡದ ಈ ಕಡೆ... ಹೊಸ ಮಣ್ಣು ಹಾಕೀರಿ, ಗುರುತು ಸಿಗವಲ್ದು.

ಬಾಲಪ್ಪ: ಗಿಡದಿಂದ ಮೂರು ಮೊಳ, ಅತ್ತಿಗಿ ಕಡೆ.

ಮಾರೆವ್ವ: ಏನು ಮೂರು ಮೊಳ? ಗಿಡದ ಬೇರಿಗೇ ಹತ್ತಿತ್ತು!

ಇನ್ನೇನು ಹೊಸದೊಂದು ಜಗಳ ಹನ್ನೊಂದು ವರ್ಷಕ್ಕಾಗುವಷ್ಟು ಚಿಗುರಬೇಕು, ಅಷ್ಟರಲ್ಲಿ ಮಾರೆವ್ವನ ಕಣ್ಣು ಕೈಯಲ್ಲಿದ್ದ ಚಿತ್ರದ ಮೇಲೆ ಬಿತ್ತು.

ಮಾರೆವ್ವ: ತಡಿ ತಡಿ! ಇಲ್ಲೈತಿ ನೋಡು ಕಲ್ಲು! ಪ್ಲಸ್ಸೂ ಬರೆದಾರ!

ತಾಹೇರ: ಅದು ಮೊದಲನೇ ವಾರ ಬರೆದಿದ್ದವ್ವಾ, ಸ್ಟೂಲ್ ಮುರಿಯೂಕಿಂತ ಮುಂಚೆ.

ಬಾಲಪ್ಪ: ನಂಬೂದು ಹೆಂಗ? ಗಿಡ ಸರಿಸಿದವ್ರು ಕಲ್ಲು ಬಿಟ್ಟಾರು? ಖರೆ ಹೇಳ್ರಿ ಸಾಹೇಬ್ರ, ಇದನ್ನೂ ತೂಕಕ್ಕ ಸರಿಸೀರೋ ಹೆಂಗ?

ತಾಹೇರ: ಇಲ್ರಿ, ನಮ್ಮ ಅಮ್ಮೀ ಆಣೆ. ಗಿಡಾನ ಚಿತ್ರದಾಗ ಅಷ್ಟ ಸರಿಸೀನಿ. ಕಲ್ಲನ್ನ ಹೊಲದಾಗ ಅಷ್ಟ ಸರಿಸೀನಿ.

ಆ ಬಳಿಕ ನಡೆದದ್ದನ್ನು ಹೊಳೆಯ ಕೊಕ್ಕರೆಗಳು ಮಾತ್ರ ನೋಡಿದವು. ಕಲಾವಿದ ತಾಹೇರ ಮುರಿದ ಸ್ಟೂಲಿದ್ದ ಜಾಗಕ್ಕೆ ಹೋಗಿ ತುದಿಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ತೋಳು ಚಾಚಿ ಪೆನ್ಸಿಲ್ ಹಿಡಿದ. ಮಾರೆವ್ವ ಪಕ್ಕದಲ್ಲಿ ನಿಂತು ಚಿತ್ರ ಹಿಡಿದಳು. ಬಾಲಪ್ಪ ಕಲ್ಲನ್ನು ಹೊಟ್ಟೆಗೆ ಅವುಚಿಕೊಂಡು ಬದುವಿನ ಮೇಲೆ ನಡೆದ. ಎಡಕ್ಕ, ಇನ್ನ ಎಡಕ್ಕ, ಹಿಂದ ಸರೀರಿ, ಬಂಡಿಗಲ್ಲಿನ ತುದಿಗೆ ನೇರ ಬರ್ಲಿ, ಹಾಂ, ಇಳಸ್ರಿ. ಮೂರು ವಾರದಲ್ಲಿ ತಾಹೇರ ಹಿಡಿದ ಅತ್ಯಂತ ನಿಖರವಾದ ಅಳತೆ ಅದು. ಕಲ್ಲು ನಿಂತ ಜಾಗ ಬಾಲಪ್ಪ ಹೇಳಿದ ಮೂರು ಮೊಳವೂ ಅಲ್ಲ, ಮಾರೆವ್ವ ಹೇಳಿದ ಬೇರೂ ಅಲ್ಲ. ಆದ್ದರಿಂದಲೇ ಇಬ್ಬರೂ ಒಪ್ಪಿದರು.

ತಾಹೇರ: ಇನ್ನರ ಬಿಡ್ರಿ. ಒಂದು ಗಂಟಿ ಆಗಾಕ ಬಂತು.

ಬಾಲಪ್ಪ: ಒಯ್ರಿ. ಸರ್ಕಾರಿ ಗ್ವಾಡಿ ಮ್ಯಾಲೆ ನಮ್ಮ ಕಲ್ಲು ಇದ್ರ ನಮಗೂ ಗಟ್ಟಿ. ಆದ್ರ ಕೆಳಗ ಒಂದು ಸಾಲು ಬರೀರಿ: ಈ ಚಿತ್ರದಾಗ ಕಲ್ಲು ಖರೆ, ಗಿಡ ಸುಳ್ಳು.

ತಾಹೇರ: ಚಿತ್ರದ ಮ್ಯಾಲೆ ಹಂಗ ಯಾರರ ಬರೀತಾರೇನ್ರಿ? ಪ್ರದರ್ಶನದಾಗ ಮಂದಿ ನಗತಾರ!

ಮಾರೆವ್ವ: ಬರೀಲಿಲ್ಲಂದ್ರ ಚಿತ್ರ ನನ್ನ ಅಡಿಗಿಮನ್ಯಾಗ ಇರತೈತಿ.

ತಾಹೇರ ನಿಟ್ಟುಸಿರು ಬಿಟ್ಟು ಕುಂಚ ತೆಗೆದ. ಹೊಳೆಯ ನೀಲಿಯ ಕೆಳಗೆ ಬಿಳಿ ಬಣ್ಣದಲ್ಲಿ ಆ ಸಾಲು ಬರೆದ. ಬರೆಯುತ್ತ ಬರೆಯುತ್ತ ಹಳೆಯ ಕೈ ತಾನಾಗಿಯೇ ಅಕ್ಷರಗಳಿಗೆ ನೆರಳು ಕೊಟ್ಟಿತು, ಬೋರ್ಡಿಗೆ ಕೊಡುವಂತೆ. ಸಾಲು ಮುಗಿದಾಗ ಬಲಗಡೆಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗ ಹುಡುಕಿದ.

ಬಾಲಪ್ಪ: ಸಹಿ ಅಷ್ಟು ಸಣ್ಣದ್ಯಾಕ? ದೊಡ್ಡಂಗ ಹಾಕ್ರಿ. ಸಣ್ಣ ಸಹಿ ಆಫೀಸಿನ್ಯಾಗ ನಡೆಯೂದಿಲ್ಲ. ಹನ್ನೆರಡು ವರ್ಷದ ಹಿಂದ ನನ್ನ ಟ್ರ್ಯಾಲಿ ಮ್ಯಾಲೆ ನನ್ನ ಹೆಸರು ಬರೆದಿದ್ರಲ್ಲ, ಇವತ್ತಿಗೂ ಒಂದು ಚಕ್ಕೆ ಬಣ್ಣ ಎದ್ದಿಲ್ಲ. ಹಂಗ, ಅಷ್ಟು ದೊಡ್ಡದು.

ಇಪ್ಪತ್ತಾರು ವರ್ಷದಲ್ಲಿ ತಾಹೇರನ ಹೆಸರನ್ನು ದೊಡ್ಡದಾಗಿ ಬರೆ ಎಂದು ಯಾರೂ ಹೇಳಿರಲಿಲ್ಲ. ಬಣ್ಣ ತುಂಬಿಕೊಂಡು, ಅಗಲವಾಗಿ, ಮೊದಲ ಅಕ್ಷರ 'ಕ' ಬರೆದ.

ಬಾಲಪ್ಪ: 'ಕ' ಯಾಕ್ರಿ? ನಿಮ್ಮ ಹೆಸರು ತಾಹೇರ ಅಲ್ಲೇನು?

ತಾಹೇರ: ಕಲಾವಿದ ತಾಹೇರ.

ಬಾಲಪ್ಪ: ಅಯ್ಯ, ಅದು ಬ್ಯಾಡ್ರಿ ಸಾಹೇಬ್ರ, ಅಳಸ್ರಿ. ಕಲಾವಿದರು ಗಿಡ ಸರಿಸ್ತಾರ. ಪೇಂಟರ್ ಅಂತ ಬರೀರಿ, ಮಂದಿ ನಂಬ್ತಾರ.